ಬಿಳಿಗಿರಿರಂಗನ ಬೆಟ್ಟ: ಒಂದು ಹೆಸರಿನ ಅಕ್ಷರ, ಮಾತ್ರೆ ಮತ್ತು ಸಮಾಸ

ಹಲವು ವರ್ಷಗಳ ಹಿಂದಿನ ಮಾತು. ಪದವಿ ತರಗತಿಯಲ್ಲಿ ಸಮಾಸ ಪ್ರಕರಣವನ್ನು ಪಾಠ ಮಾಡುತ್ತಿದ್ದೆ. ಕನ್ನಡ ಪದದೊಡನೆ ಕನ್ನಡವೇ, ಸಂಸ್ಕೃತದೊಡನೆ ಸಂಸ್ಕೃತವೇ ಕೂಡಬೇಕು. ಎರಡನ್ನೂ ಬೆರಸಿದರೆ ಅದು ಅರಿಸಮಾಸ, ಅಂದರೆ ಶತ್ರುಗಳನ್ನು ಒಂದೇ ಮನೆಯಲ್ಲಿ ಇರಿಸಿದಂತೆ ಎಂದು ವಿವರಿಸಿ, ಅದನ್ನು ದೋಷವೆಂದು ಬರೆಸಿದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಯಳಂದೂರು ಕಡೆಯ ವಿದ್ಯಾರ್ಥಿನಿ ಎದ್ದು ನಿಂತು, "ಅಂಗಾದ್ರೆ ನಮ್ ಬೆಟ್ಟದ ಹೆಸ್ರೇ ತಪ್ಪಾ ಸಾ?" ಎಂದಳು. ಬಿಳಿ ಕನ್ನಡ, ಗಿರಿ ಸಂಸ್ಕೃತ. ತರಗತಿ ನಕ್ಕಿತು, ನಾನೂ ನಕ್ಕೆ. "ಜನ ಬಳಸುವುದೆಲ್ಲ ವ್ಯಾಕರಣವಲ್ಲಮ್ಮ" ಎಂದು ಹೇಳಿ ಮುಂದಿನ ಸೂತ್ರಕ್ಕೆ ಹೋದೆ. ಆಂತರಿಕ ಪರೀಕ್ಷೆಯಲ್ಲಿ ಅವಳು ಅದೇ ಹೆಸರನ್ನು ಕರ್ಮಧಾರಯ ಸಮಾಸಕ್ಕೆ ಉದಾಹರಣೆಯಾಗಿ ಬರೆದಿದ್ದಳು. ಅದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು ಅಂಕ ಕಳೆದದ್ದೂ ನಾನೇ.

ಆ ಅಡ್ಡಗೀಟು ಸರಿಯೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅರಿಸಮಾಸದ ನಿಷೇಧವನ್ನು ಕನ್ನಡಕ್ಕೆ ಶಾಸ್ತ್ರವಾಗಿ ಕೊಟ್ಟವರು ಬಹುಮಟ್ಟಿಗೆ ಜೈನ ವಿದ್ವಾಂಸರು. ಆ ಪರಂಪರೆಯ ಉತ್ತರಾಧಿಕಾರಿಗಳೆಂದು ಹೇಳಿಕೊಳ್ಳುವ ನಾವು ಅವರ ಸೂತ್ರವನ್ನು ಅವರು ಹೇಳಿದ ಹಾಗೆಯೇ ಹೇಳುತ್ತಿದ್ದೇವೆಯೇ, ಇಲ್ಲವೇ ಶಾಲಾಪಠ್ಯದ ಸಂಕ್ಷೇಪವನ್ನು ಅವರ ಬಾಯಿಗೆ ತುರುಕುತ್ತಿದ್ದೇವೆಯೇ? ಇದನ್ನು ಬಗೆಹರಿಸಲು ಈ ಒಂದು ಹೆಸರೇ ಸಾಕು ಎಂದು ಈಗ ನನಗೆ ತೋರುತ್ತದೆ.

ಮೊದಲು ಹೆಸರನ್ನು ಬಿಡಿಸಿ ನೋಡೋಣ. ಬಿ, ಳಿ, ಗಿ, ರಿ, ರಂ, ಗ, ನ, ಬೆ, ಟ್ಟ: ಒಟ್ಟು 9 ಅಕ್ಷರಗಳು. ಅರ್ಥದ ದೃಷ್ಟಿಯಿಂದ ಮೂರು ಪದರಗಳಿವೆ. 'ಬಿಳಿಗಿರಿ' ಎಂಬುದು ಒಳಪದರ, ಬಿಳಿದಾದ ಗಿರಿ. ದೇವಾಲಯ ನಿಂತಿರುವ ಕಡಿದಾದ ಬಿಳಿಯ ಬಂಡೆಯನ್ನು ಕೆಳಗಿನ ಬಯಲಿನಿಂದ ಕಂಡವರಿಗೆ ಈ ವಿಶೇಷಣದ ಕಾರಣವನ್ನು ಹೇಳಬೇಕಾಗಿಲ್ಲ. ಆ ಗಿರಿಯಲ್ಲಿರುವ ರಂಗ 'ಬಿಳಿಗಿರಿರಂಗ'. ಇದು ಎರಡನೆಯ ಪದರ. ಆ ರಂಗನದಾದ ಬೆಟ್ಟ 'ಬಿಳಿಗಿರಿರಂಗನ ಬೆಟ್ಟ', ಇದು ಮೂರನೆಯದು. ಹೀಗೆ ಬೆಟ್ಟದ ಬಣ್ಣದಿಂದ ಬೆಟ್ಟಕ್ಕೆ ಹೆಸರು, ಬೆಟ್ಟದಿಂದ ದೇವರಿಗೆ ಹೆಸರು, ದೇವರಿಂದ ಮತ್ತೆ ಬೆಟ್ಟಕ್ಕೆ ಹೆಸರು! ಗಿರಿಯೂ ಬೆಟ್ಟವೂ ಒಂದೇ ಹೆಸರಿನಲ್ಲಿ ಬಂದಿರುವುದು ಪುನರುಕ್ತಿಯಂತೆ ಕಂಡರೂ ಆಡುವವನ ಕಿವಿಗೆ ಅದು ಪುನರುಕ್ತಿಯಲ್ಲ. 'ಬಿಳಿಗಿರಿರಂಗ' ಎಂಬುದು ಗಟ್ಟಿಗೊಂಡು ಒಂದು ಅಂಕಿತನಾಮವಾದ ಮೇಲೆ ಅದರೊಳಗಿನ ಗಿರಿ ತನ್ನ ಅರ್ಥವನ್ನು ಕಳೆದುಕೊಂಡು ಬರಿಯ ಧ್ವನಿಯಾಗಿ ಉಳಿದಿದೆ. ಹನೂರು ಸೀಮೆಯ ಮಲೆಮಹದೇಶ್ವರ ಬೆಟ್ಟದಲ್ಲಿಯೂ ಇದೇ ಕ್ರಮ. ಅಲ್ಲಿಯ 'ಮಲೆ' ದೇವರ ಹೆಸರಿನೊಳಗೆ ಸೇರಿಹೋದದ್ದರಿಂದ 'ಬೆಟ್ಟ' ಮತ್ತೆ ಹೊರಗಿನಿಂದ ಬರಬೇಕಾಯಿತು.

ಈ ಮೂರು ಜೋಡಣೆಗಳಲ್ಲಿ ಕೊನೆಯದು ಸಮಾಸವೇ ಅಲ್ಲ. 'ರಂಗನ' ಎಂಬಲ್ಲಿ ಷಷ್ಠೀ ವಿಭಕ್ತಿ ಲೋಪವಾಗದೆ ಉಳಿದಿದೆ, ಆದ್ದರಿಂದ ಅದು ವ್ಯಸ್ತಪದ. ವಿಭಕ್ತಿಯಿದ್ದಲ್ಲಿ ಯಾವ ಭಾಷೆಯ ಪದ ಯಾವ ಭಾಷೆಯ ಪದದ ಪಕ್ಕದಲ್ಲಿ ಕುಳಿತರೂ ವ್ಯಾಕರಣಕಾರರಿಗೆ ಅಭ್ಯಂತರವಿಲ್ಲ. ಚರ್ಚೆಗೆ ಉಳಿಯುವುದು 'ಬಿಳಿಗಿರಿ' ಒಂದೇ.

ಈ ಬಗೆಯ ಬೆರಕೆಯ ಬಗ್ಗೆ ನಮಗೆ ದೊರೆತಿರುವ ಮೊದಲ ಮಾತು ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗದ್ದು. ಅರಿಯದೆ ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ರಸ ಕೆಡುತ್ತದೆ ಎಂದು ಶ್ರೀವಿಜಯನು ಹೇಳುತ್ತಾನೆ. 1112ರಲ್ಲಿ ಧರ್ಮಾಮೃತವನ್ನು ಬರೆದ ಮುಳುಗುಂದದ ನಯಸೇನನು ಇದೇ ಅಡುಗೆಮನೆಯಿಂದ ಇನ್ನೊಂದು ಹೋಲಿಕೆಯನ್ನು ತಂದು, ತುಪ್ಪ ಎಣ್ಣೆಗಳನ್ನು ಬೆರಸುವುದು ತಕ್ಕುದೇ ಎಂದು ಕೇಳುತ್ತಾನೆ. ಆ ಪದ್ಯದ ಸ್ವಾರಸ್ಯವನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ನನಗೆ ಇಷ್ಟ: ತುಪ್ಪ, ಎಣ್ಣೆ ಎಂಬ ಅಚ್ಚಗನ್ನಡ ಮಾತುಗಳು ಕೈಯಳತೆಯಲ್ಲಿದ್ದರೂ ಅವನು ಅಲ್ಲಿ ಬಳಸಿದ್ದು ಘೃತ, ತೈಲಗಳನ್ನು! ಆದರೆ ಅವಕ್ಕೆ ಕನ್ನಡದ ವಿಭಕ್ತಿಯನ್ನು ಹಚ್ಚಿ ಬಳಸಿದ್ದಾನೆ, ಕನ್ನಡದ ಪದಕ್ಕೆ ಅಂಟಿಸಿ ಸಮಾಸ ಮಾಡಿಲ್ಲ. ಅಂದರೆ ಅವನ ಆಕ್ಷೇಪವಿರುವುದು ಸಂಸ್ಕೃತ ಪದದ ಮೇಲಲ್ಲ, ಬೆಸುಗೆಯ ರೀತಿಯ ಮೇಲೆ.

ಕವಿರಾಜಮಾರ್ಗದ ಉಪಮೆಯನ್ನು ಗಮನವಿಟ್ಟು ಓದಬೇಕು. ಹಾಲು ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು. ಹಾಲು ಕುದಿಯುತ್ತಿರುವಾಗ ಹನಿ ಬಿದ್ದರೆ ಮಾತ್ರ ಕೇಡು. ಅದೇ ಹಾಲು ಉಗುರುಬೆಚ್ಚಗಿರುವಾಗ ಅದೇ ಹನಿ ಹೆಪ್ಪಾಗುತ್ತದೆ ಎಂಬುದನ್ನು ಮನೆಮನೆಯ ಹೆಂಗಸರು ಬಲ್ಲರು, ಶ್ರೀವಿಜಯನೂ ಬಲ್ಲವನಾಗಿರಬೇಕು. ಏಕೆಂದರೆ ಮುಂದೆ ಅವನೇ ಸಮಸಂಸ್ಕೃತ ಪದಗಳೊಡನೆ ಕನ್ನಡವನ್ನು ಹದವರಿತು ಹೊಂದಿಸಬಹುದೆಂದು ದಾರಿಯನ್ನೂ ತೆರೆದಿಡುತ್ತಾನೆ. ರೂಪ ಬದಲಾಗದೆ ಕನ್ನಡಕ್ಕೆ ಬಂದು, ಕನ್ನಡದ ವಿಭಕ್ತಿಗಳನ್ನು ಕನ್ನಡ ಪದದಂತೆಯೇ ಹೊತ್ತುಕೊಳ್ಳುವ ಸಂಸ್ಕೃತ ಪ್ರಕೃತಿಗಳು ಸಮಸಂಸ್ಕೃತಗಳು. 'ಗಿರಿ' ಅಂತಹ ಪದ. ಗಿರಿಯನ್ನು, ಗಿರಿಯಿಂದ, ಗಿರಿಯಲ್ಲಿ ಎನ್ನುವಾಗ ಅದು ಗರಿ, ಮರಿ, ಕುರಿಗಳ ಸಾಲಿನಲ್ಲಿ ನಿಲ್ಲುತ್ತದೆ.

ಕ್ರಿ.ಶ. 1260ರ ಸುಮಾರಿನ ಕೇಶಿರಾಜನಿಗೆ ಬಂದರೆ, ನಾವು ಅವನನ್ನು ನಿಷೇಧದ ಅಧಿಕಾರಿಯಂತೆ ಚಿತ್ರಿಸಿಕೊಂಡಿದ್ದೇವೆ. ಶಬ್ದಮಣಿದರ್ಪಣವನ್ನು ಓದಿದವರಿಗೆ ಕಾಣುವ ಕೇಶಿರಾಜ ಬೇರೆ. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗನಾಗಿ, ಜನ್ನನ ಸೋದರಳಿಯನಾಗಿ ಅವನು ಬೆಳೆದದ್ದೇ ಕಾವ್ಯದ ಪ್ರಯೋಗಗಳ ನಡುವೆ. ಅಸಗ, ಪಂಪ, ಪೊನ್ನರಂಥ ಹಿಂದಿನ ಕವಿಗಳ ಮಾರ್ಗವೇ ತನ್ನ ಲಕ್ಷ್ಯವೆಂದು ಹೇಳಿಕೊಳ್ಳುವ ಅವನು, ಅರಿಸಮಾಸ ಸಲ್ಲದೆಂದ ಮೇಲೆ ಬಿರುದಾವಳಿಗಳಿಗೆ, ಪೂರ್ವಕವಿಪ್ರಯೋಗಗಳಿಗೆ ವಿನಾಯಿತಿಯನ್ನೂ ಕೊಡುತ್ತಾನೆ. ಬಿರುದುಗಳಿಗೆ ಏಕೆ? ಬಿರುದು ಕವಿಯ ಲೇಖನಿಯಿಂದ ಮಾತ್ರ ಹುಟ್ಟುವುದಲ್ಲ. ಅದನ್ನು ಹೊಗಳುಭಟರು ಕೂಗುತ್ತಾರೆ, ಜನ ಕೇಳುತ್ತಾರೆ, ಶಾಸನ ಅದನ್ನು ಹಾಗೆಯೇ ಕೆತ್ತುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ 'ಗಂಡಮಾರ್ತಂಡ' ಎಂಬ ಬಿರುದಿನಲ್ಲಿ ಕನ್ನಡದ ಗಂಡನ ಹೆಗಲಿಗೆ ಸಂಸ್ಕೃತದ ಮಾರ್ತಂಡ ಕೈಹಾಕಿ ನಿಂತಿದ್ದಾನೆ. ಅದನ್ನು ತಿದ್ದಲು ಯಾವ ವೈಯಾಕರಣನೂ ಹೋಗಲಿಲ್ಲ. ಲೋಕವು ಕೂಗಿ ಕೂಗಿ ಒಂದು ಮಾಡಿದ ಹೆಸರನ್ನು ಶಾಸ್ತ್ರ ಬಿಡಿಸಬಾರದು ಎಂಬ ವಿವೇಕ ಇದರಲ್ಲಿದೆ. ಊರಿನ, ಬೆಟ್ಟದ, ದೇವರ ಹೆಸರುಗಳೂ ಬಿರುದಿನಂತೆಯೇ ಕೂಗಿ ಕರೆದವು. ಬಿಳಿಗಿರಿಗೂ ಈ ವಿನಾಯಿತಿ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಕೇಶಿರಾಜನು ಸ್ಥಳನಾಮಗಳನ್ನು ಹೆಸರಿಸಿ ಹಾಗೆ ಹೇಳಿದ್ದಾನೆಂದು ನಾನು ವಾದಿಸುತ್ತಿಲ್ಲ, ಅವನ ವಿನಾಯಿತಿಯ ಹಿಂದಿನ ತರ್ಕವನ್ನು ಮುಂದುವರಿಸುತ್ತಿದ್ದೇನೆ ಅಷ್ಟೆ.

ಈ ತರ್ಕಕ್ಕೆ ಬಲವಾದ ಸಾಕ್ಷಿ ನಮ್ಮ ಮನೆಯಲ್ಲಿಯೇ ಇದೆ. 'ಬೆಳ್' ಎಂಬ ಧಾತುವಿನಿಂದ ಬೆಳಕು, ಬೆಳಗು, ಬೆಳ್ಳಿ, ಬಿಳಿ ಎಲ್ಲ ಹುಟ್ಟಿವೆ. ಬೆಳ್ ಮತ್ತು ಕೊಳ ಸೇರಿ, ಉತ್ತರಪದದ ಕಕಾರಕ್ಕೆ ಗಕಾರ ಆದೇಶವಾಗಿ, 'ಬೆಳ್ಗೊಳ'. ಬೆಳ್ಗೊಡೆಯಂತೆ, ಬೆಳ್ದಿಂಗಳಂತೆ ಶುದ್ಧವಾದ ಕನ್ನಡ ಕರ್ಮಧಾರಯ. ಸಂಸ್ಕೃತದಲ್ಲಿ ಇದೇ ಧವಳಸರಸ್ಸು, ಶ್ವೇತಸರೋವರ. ಹಳೇಬೆಳಗೊಳ, ಕೋಡಿಬೆಳಗೊಳಗಳಿಂದ ಬೇರೆಯೆಂದು ತೋರಿಸಲು ಅದರ ಹಿಂದೆ 'ಶ್ರವಣ' ಸೇರಿತು. ಶ್ರಮಣ ಶಬ್ದದ ಪೂರ್ಣ ತದ್ಭವ 'ಸವಣ'. ಸವಣಬೆಳ್ಗೊಳ ಎಂದಿದ್ದರೆ ಸೂತ್ರಕ್ಕೆ ಸರಿಯಾಗುತ್ತಿತ್ತು. ಆದರೆ ನಿಂತದ್ದು 'ಶ್ರವಣಬೆಳಗೊಳ'. ಮಕಾರವು ವಕಾರವಾಗಿ ಅರ್ಧ ಕನ್ನಡಕ್ಕೆ ಇಳಿದ, ಶ್ರಕಾರವನ್ನು ಉಳಿಸಿಕೊಂಡು ಅರ್ಧ ಸಂಸ್ಕೃತದಲ್ಲಿಯೇ ನಿಂತ ಒಂದು ಪದ, ಅದರ ಜೊತೆಗೆ ಅಚ್ಚಗನ್ನಡದ ಇನ್ನೊಂದು ಪದ! ಕನ್ನಡ ನಾಡಿನ ಜೈನರ ಪರಮ ಪವಿತ್ರ ಕ್ಷೇತ್ರದ ಹೆಸರೇ ಕಟ್ಟುನಿಟ್ಟಾದ ಲೆಕ್ಕದಲ್ಲಿ ಅರಿಸಮಾಸ. ಅದನ್ನು ತಪ್ಪೆಂದು ನಾವು ಯಾರೂ ಹೇಳುವುದಿಲ್ಲ. ಯಳಂದೂರಿನ ಹುಡುಗಿಗೆ ಮಾತ್ರ ಹೇಳಿದೆ.

ಬೆಳಗೊಳದಲ್ಲಿ ಎರಡು ಭಾಷೆಗಳು ಎರಡು ಹೆಸರುಗಳಾಗಿ ಬಹುಕಾಲ ಬೇರೆಬೇರೆಯಾಗಿ ನಡೆದವು ಎಂಬುದನ್ನೂ ಇಲ್ಲಿ ನೆನೆಯಬೇಕು. ಶಾಸನಗಳ ಕಟವಪ್ರ ಕನ್ನಡದಲ್ಲಿ ಕಳ್ವಪ್ಪು. ಗ್ರಂಥದ ಚಂದ್ರಗಿರಿ ಜನರ ಚಿಕ್ಕಬೆಟ್ಟ. ಯಳಂದೂರಿನ ಬದಿಯಲ್ಲಿ ಹರಿಯುವ ಹೊಳೆಗೂ ಹೀಗೆಯೇ ಎರಡು ಹೆಸರು: ಸುವರ್ಣಾವತಿ, ಹೊನ್ನುಹೊಳೆ. ಬೆಟ್ಟಕ್ಕೂ ಸ್ಥಳಪುರಾಣವು ಶ್ವೇತಾದ್ರಿ ಎಂಬ ಪೂರ್ಣ ಸಂಸ್ಕೃತದ ಹೆಸರನ್ನು ಕೊಟ್ಟಿದೆ. ಆದರೆ ಜನರು ಶ್ವೇತಾದ್ರಿಯನ್ನು ಪುರೋಹಿತರಿಗೆ ಬಿಟ್ಟು, ಎರಡು ಭಾಷೆಗಳನ್ನು ಒಂದೇ ಪದದಲ್ಲಿ ಹೊಲಿದುಕೊಂಡರು.

ಇನ್ನು ಅಕ್ಷರ ಮತ್ತು ಮಾತ್ರೆಯ ವಿಷಯ. ಬೆಳ್ಗೊಳ ಎಂಬುದರಲ್ಲಿ 3 ಅಕ್ಷರಗಳು. ಒತ್ತಕ್ಷರದ ಹಿಂದಿನ 'ಬೆ' ಗುರುವಾದ್ದರಿಂದ 4 ಮಾತ್ರೆಗಳು. ಕಾಲಾಂತರದಲ್ಲಿ ಒತ್ತು ಬಿಡಿಸಿಕೊಂಡು ಬೆಳಗೊಳವಾಯಿತು. ಅಕ್ಷರಗಳು 4 ಆದವು, ಮಾತ್ರೆಗಳು ನಾಲ್ಕೇ ಉಳಿದವು. ಬೆಳ್ದಿಂಗಳ್ ಎಂಬಲ್ಲಿ 6 ಮಾತ್ರೆ, ಇಂದಿನ ಬೆಳದಿಂಗಳು ಎಂಬಲ್ಲಿಯೂ 6. ಈಗ ಇದನ್ನು ತಿರುಗಿಸಿ ನೋಡಿ. ಬಿಳಿಗಿರಿಯಲ್ಲಿ ನಾಲ್ಕು ಲಘುಗಳು, 4 ಮಾತ್ರೆ. ಮೈಸೂರು ಸೀಮೆಯ ಬಾಯಲ್ಲಿ ನಡುವಣ ಇಕಾರ ಜಾರಿ ಅದು 'ಬಿಳ್ಗಿರಿ' ಆಗುತ್ತದೆ. ಅಕ್ಷರ 3ಕ್ಕೆ ಇಳಿಯುತ್ತದೆ, ಮಾತ್ರೆ ಮತ್ತೆ ನಾಲ್ಕೇ. ಒಂದು ಹೆಸರು ಸಾವಿರ ವರ್ಷದಲ್ಲಿ ಬಿಚ್ಚಿಕೊಂಡಿತು, ಇನ್ನೊಂದು ಆಡುಮಾತಿನಲ್ಲಿ ಮುಚ್ಚಿಕೊಂಡಿತು; ಕಾಲದ ಅಳತೆ ಮಾತ್ರ ಎರಡರಲ್ಲಿಯೂ ಕೆಡಲಿಲ್ಲ. ಸಂಯುಕ್ತಾಕ್ಷರವಿದ್ದರೂ ಹಿಂದಿನ ಅಕ್ಷರಕ್ಕೆ ಭಾರ ತಗಲದ ಸಂದರ್ಭಗಳನ್ನು ನಮ್ಮ ಲಾಕ್ಷಣಿಕರು ಶಿಥಿಲದ್ವಿತ್ವವೆಂದು ಗುರುತಿಸಿದ್ದು ಇಂಥ ಬಿಚ್ಚು-ಮುಚ್ಚುಗಳನ್ನು ಕಿವಿಗೊಟ್ಟು ಕೇಳಿದ್ದರಿಂದಲೇ. ಬರೆಹವನ್ನು ಮಾತ್ರ ನೋಡುವವನಿಗೆ ಶಿಥಿಲದ್ವಿತ್ವ ಹೊಳೆಯುವುದು ಸಾಧ್ಯವಿಲ್ಲ.

ಬೇರೆ ನಾಡುಗಳ ಉದ್ದಪದಗಳು ಹೀಗೆ ನಡೆಯುವುದಿಲ್ಲ. ಪೋಲೆಂಡಿನ ಭಾಷೆಯನ್ನು ನೋಡಿ. ಅಲ್ಲಿ ಪದದ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಉಚ್ಚಾರಣೆಯ ಒತ್ತು ಬೀಳುವುದು ಸಾಮಾನ್ಯ ನಿಯಮ. 'ತೆಲೆಫೊನ್' ಎಂಬಲ್ಲಿ 'ಲೆ' ಎಂಬುದಕ್ಕೆ ಒತ್ತು. ಅದಕ್ಕೆ ವಿಭಕ್ತಿ ಹಚ್ಚಿ 'ತೆಲೆಫೊನು' ಎಂದರೆ ಒತ್ತು 'ಫೊ' ಎಂಬುದಕ್ಕೆ ಸರಿಯುತ್ತದೆ. 'ತೆಲೆಫೊನಾಮಿ' ಎಂದರೆ 'ನಾ' ಎಂಬುದಕ್ಕೆ. ಪದ ಬಾಲ ಬೆಳೆಸಿದಷ್ಟೂ ಒತ್ತು ಹಿಂದೆ ಹಿಂದೆಯೇ ಹೋಗುತ್ತದೆ. ಎರಡು ಪದಗಳನ್ನು ಕೂಡಿಸುವಾಗ ನಡುವೆ ಒಂದು ಒಕಾರವನ್ನು ಬೆಸುಗೆಯಾಗಿ ಇಡುವ ರೂಢಿಯೂ ಅಲ್ಲಿದೆ. ನಮ್ಮಲ್ಲಿ ಯಕಾರ ವಕಾರಗಳ ಆಗಮ ಮಾಡುವ ಕೆಲಸಕ್ಕೆ ಅದನ್ನು ಸ್ವಲ್ಪಮಟ್ಟಿಗೆ ಹೋಲಿಸಬಹುದು. ಕನ್ನಡದಲ್ಲಿ ಅರ್ಥವನ್ನು ಬದಲಿಸುವ ಉಚ್ಚಾರಣೆಯ ಒತ್ತು ಇಲ್ಲ. 'ಒತ್ತು' ಎಂಬ ಮಾತನ್ನೇ ನಾವು ಅಕ್ಷರದ ಕೆಳಗೆ ಬರೆಯುವ ವ್ಯಂಜನಕ್ಕೆ ಕೊಟ್ಟುಬಿಟ್ಟಿದ್ದೇವೆ. ಬೆಟ್ಟ, ಬೆಟ್ಟದ, ಬೆಟ್ಟದಲ್ಲಿ, ಬೆಟ್ಟದಲ್ಲಿರುವವರಿಗೆ ಎಂದು ಎಷ್ಟು ಪ್ರತ್ಯಯಗಳನ್ನು ಪೋಣಿಸಿದರೂ ಮೊದಲ ಅಕ್ಷರದ ಹಿಡಿತ ಸಡಿಲವಾಗದು.

ಹಾಗೆಂದು ಕನ್ನಡ ಪದಕ್ಕೆ ಲಯದ ಕಟ್ಟಳೆಯೇ ಇಲ್ಲವೆಂದಲ್ಲ. ಕಟ್ಟಳೆಯಿರುವುದು ಪದದ ಕೊನೆಯಲ್ಲಲ್ಲ, ಆರಂಭದಲ್ಲಿ. ಅದು ಅತ್ಯಂತ ಸ್ಪಷ್ಟವಾಗಿ ಕಾಣುವುದು ನಾಗವರ್ಮನ ಛಂದೋಂಬುಧಿಯೂ ಜೈನ ಲಾಕ್ಷಣಿಕ ಜಯಕೀರ್ತಿಯ ಛಂದೋನುಶಾಸನವೂ ವಿವರಿಸುವ ಅಂಶಗಣಗಳಲ್ಲಿ. ಗಣದ ಮೊದಲ ಅಂಶ ಒಂದು ಗುರುವಾಗಿರಬೇಕು, ಇಲ್ಲವೇ ಎರಡು ಲಘುಗಳಾಗಿರಬೇಕು; ಮುಂದಿನ ಅಂಶಗಳು ಲಘುವೋ ಗುರುವೋ ಒಂದೊಂದೇ ಅಕ್ಷರ. ಎರಡಂಶದ ಬ್ರಹ್ಮಗಣಕ್ಕೆ 4 ರೂಪಗಳು, ಮೂರಂಶದ ವಿಷ್ಣುಗಣಕ್ಕೆ 8, ನಾಲ್ಕಂಶದ ರುದ್ರಗಣಕ್ಕೆ 16. ಈ 28 ರೂಪಗಳಲ್ಲಿ ಒಂದಾದರೂ ಲಘುವಿನ ಬೆನ್ನಿಗೆ ಗುರುವನ್ನು ಇಟ್ಟುಕೊಂಡು ಆರಂಭವಾಗುವುದಿಲ್ಲ. ಕನ್ನಡದ ನಾಲಗೆ ಮೊದಲ ಹೆಜ್ಜೆಯನ್ನು ಎರಡು ಮಾತ್ರೆಯ ನೆಲದ ಮೇಲೆ ಊರಿಯೇ ಮುಂದೆ ಸಾಗಬೇಕು.

ಇದು ಛಂದಸ್ಸಿನ ಪುಸ್ತಕದೊಳಗಿನ ಮಾತು ಮಾತ್ರವಲ್ಲ. ಸರಸ್ವತಿ ಎಂಬುದು ಲಘು-ಗುರುವಿನಿಂದ ಆರಂಭವಾಗುತ್ತದೆ. ಜನರ ಬಾಯಲ್ಲಿ ಸರಸತಿಯಾಗಿ ನಾಲ್ಕು ಲಘುವಾಯಿತು. ಬರುತ್ತಾನೆ ಎಂದು ಬರೆಯುತ್ತೇವೆ, ಬರ್ತಾನೆ ಎಂದು ಆಡುತ್ತೇವೆ. ಹನೂರಿನ ಬೆಟ್ಟದ ದೇವರನ್ನೇ ನೋಡಿ. ಮಹಾದೇವ ಎಂಬುದರ ಆರಂಭ ಲಘು-ಗುರು. ಒಂದು ದಾರಿಯಲ್ಲಿ 'ಹಾ' ಕುಗ್ಗಿ ಮಹದೇವ, ಮಹದೇಶ್ವರ ಎಂದು ಎರಡು ಲಘುಗಳ ಆರಂಭ ದೊರೆಯಿತು. ಇನ್ನೊಂದು ದಾರಿಯಲ್ಲಿ 'ಮಹಾ' ಪೂರ್ತಿಯಾಗಿ 'ಮಾ' ಎಂಬ ಗುರುವಾಗಿ ಮಾದೇವ, ಮಾದಯ್ಯ, ಮಾದಪ್ಪ ಬಂದರು. ದಾರಿ ಎರಡು, ಮುಟ್ಟಿದ ಊರು ಒಂದೇ. ಸಂಸ್ಕೃತ ವ್ಯಾಕರಣದಂತೆ 'ಮಹೇಶ್ವರ' ಎಂದಾಗಬೇಕಿತ್ತೆಂದು ಮಹದೇಶ್ವರನನ್ನು ತಿದ್ದಹೊರಡುವವರಿಗೆ ಕಂಸಾಳೆಯವರ ಒಂದು ರಾತ್ರಿಯ ಹಾಡನ್ನು ಕೇಳಿಸಬೇಕು. ಈ ಒಲವಿಗೆ ಅಪವಾದಗಳಿಲ್ಲವೆಂದಲ್ಲ, ಇವೆ. ಆದರೆ ಅಪವಾದಗಳು ಬಹುತೇಕ ಓದಿನಿಂದ ಬಂದ ಪದಗಳು.

ಈಗ ಯಳಂದೂರಿಗೆ ಬರೋಣ. 17ನೆಯ ಶತಮಾನದ ಈ ಸಣ್ಣ ಊರಿನ ಸಾಹಿತ್ಯ ಸಂಪತ್ತು ದೊಡ್ಡ ರಾಜಧಾನಿಗಳಿಗೆ ಸರಿದೂಗುವಂಥದು. ಚಿಕ್ಕದೇವರಾಜ ಒಡೆಯರ (1673–1704) ಪ್ರಧಾನಿಯಾಗಿದ್ದ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಇಲ್ಲಿಯವನು. ಅರಸನಾಗುವ ಮೊದಲು ಹಂಗಳದಲ್ಲಿ ದಿನ ಕಳೆಯುತ್ತಿದ್ದ ಚಿಕ್ಕದೇವರಾಜನಿಗೆ ಅವನು ಒಡನಾಡಿಯಾಗಿದ್ದ. ಪ್ರಧಾನಿಯಾದ ಮೇಲೆ ಕರಭಾರದ ವಿರುದ್ಧ ಎದ್ದ ಕ್ಷೋಭೆಯ ಬೇಗೆಯಲ್ಲಿ 1686ರಲ್ಲಿ ಕೊಲೆಯಾದ. ಅವನ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಯಳಂದೂರಿನ ಮಠಾಧಿಪತಿ ಷಡಕ್ಷರದೇವ ರಾಜಶೇಖರವಿಲಾಸ, ವೃಷಭೇಂದ್ರವಿಜಯ, ಶಬರಶಂಕರವಿಲಾಸಗಳ ಕರ್ತೃ. ಅರಸಿ ದೇವಾಜಮ್ಮಣ್ಣಿಯ ಸಂಚಿಯ ಹೆಣ್ಣಾಗಿ ಅರಮನೆಗೆ ಹೋದ ಹೊನ್ನಮ್ಮ ಹದಿಬದೆಯ ಧರ್ಮವನ್ನು ಬರೆದವಳು.

ಷಡಕ್ಷರಿಯದು ಪ್ರೌಢ ಚಂಪೂಮಾರ್ಗ. ಸಾಲಿನ ತುಂಬ ಹರಡುವ ಸಂಸ್ಕೃತ ಸಮಾಸಗಳಲ್ಲಿ ಅವನಿಗೆ ಅಪಾರ ಉತ್ಸಾಹ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲಿಯೇ ಕಡೆದ ಸರಪಣಿಯ ಬಳೆಗಳನ್ನು ಕಂಡಾಗಲೆಲ್ಲ ನನಗೆ ಅವನ ಸಮಾಸಗಳು ನೆನಪಾಗುತ್ತವೆ. ನೋಡಿ ಬೆರಗಾಗುತ್ತೇವೆ, ಆದರೆ ಅದನ್ನು ತೊಟ್ಟುಕೊಳ್ಳಲಾಗದು. (ಬಳೆಮಂಟಪ ಅರಿಸಮಾಸವಲ್ಲ, ಮಂಟಪ ಎಂಬುದು ಮಂಡಪದ ತದ್ಭವ.) ಅದೇ ಷಡಕ್ಷರಿ, ರಾಜಶೇಖರವಿಲಾಸದಲ್ಲಿ ಕುದುರೆಯ ಕಾಲಿಗೆ ಸಿಕ್ಕಿ ಸತ್ತ ಮಗುವಿನ ತಾಯಿ ತಿರುಕೊಳವಿನಾಚಿಯ ಗೋಳಿಗೆ ಬಂದಾಗ ಬೇರೆಯೇ ಕವಿಯಾಗುತ್ತಾನೆ. ಮಾತು ಚಿಕ್ಕದಾಗುತ್ತದೆ, ಕನ್ನಡ ಮೇಲೆ ಬರುತ್ತದೆ. ಇಷ್ಟು ಶತಮಾನಗಳ ಮೇಲೆ ಆ ಕಾವ್ಯದಲ್ಲಿ ಓದುಗರು ಮರಳಿ ಮರಳಿ ಹುಡುಕಿಕೊಂಡು ಹೋಗುವುದು ಆ ಭಾಗವನ್ನೇ.

ಹೊನ್ನಮ್ಮ ಆರಿಸಿಕೊಂಡದ್ದು ಸಾಂಗತ್ಯ. ರತ್ನಾಕರವರ್ಣಿಯು ಭರತೇಶವೈಭವದಲ್ಲಿ ಎತ್ತರಕ್ಕೇರಿಸಿದ ಮಟ್ಟು ಅದು. ಅವಳ ಕೃತಿಯ ಹೆಸರಿನಲ್ಲಿಯೇ ಒಂದು ವ್ಯಾಕರಣಪಾಠವಿದೆ. ಪತಿವ್ರತೆ ಎಂಬುದರ ತದ್ಭವ ಹದಿಬದೆ. ಪತಿವ್ರತೆಯಲ್ಲಿ ವ್ರಕಾರದ ಕಾರಣದಿಂದ 'ತಿ' ಗುರು, ಆದ್ದರಿಂದ ಆರಂಭ ಲಘು-ಗುರು, ಒಟ್ಟು 5 ಮಾತ್ರೆ. ಹದಿಬದೆ ಎಂದಾಗ ಒತ್ತು ಕರಗಿ ನಾಲ್ಕು ಲಘುಗಳು ಸಮನಾಗಿ ನಿಂತವು. ಬಿಳಿಗಿರಿಯ ಅಚ್ಚು ಕೂಡ ಅದೇ. ಮೇಲಾಗಿ 'ಹದಿಬದೆಯ ಧರ್ಮ' ಸಮಾಸವಲ್ಲ. ರಂಗನ ಬೆಟ್ಟದಂತೆ ಷಷ್ಠೀ ವಿಭಕ್ತಿಯನ್ನು ಉಳಿಸಿಕೊಂಡ ವ್ಯಸ್ತಪದ. ಕನ್ನಡದ ತದ್ಭವವೂ ಸಂಸ್ಕೃತದ ಧರ್ಮವೂ ವೈರವಿಲ್ಲದೆ ಪಕ್ಕಪಕ್ಕದಲ್ಲಿ ಕುಳಿತಿವೆ. ಪತಿವ್ರತಾಧರ್ಮ ಎಂದು ಬರೆಯಲು ಅವಳಿಗೆ ಬಾರದೆ ಇರಲಿಲ್ಲ. ಸಿಂಗರಾರ್ಯನಂಥ ವಿದ್ವಾಂಸನಲ್ಲಿ ಓದಿದವಳು. ಹಾಗೆ ಬರೆಯಲಿಲ್ಲ, ಅಷ್ಟೆ.

ಸಾಂಗತ್ಯದ ಲಕ್ಷಣವೆಂದರೆ ಮೊದಲನೆಯ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ವಿಷ್ಣುಗಣಗಳು. ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಎರಡು ವಿಷ್ಣುಗಣಗಳಾದ ಮೇಲೆ ಒಂದು ಬ್ರಹ್ಮಗಣ. ಒಮ್ಮೆ ಹದಿಬದೆಯ ಧರ್ಮದ ಪಾಠಕ್ಕೆ ಕಪ್ಪುಹಲಗೆಯ ಮೇಲೆ ಈ ಗಣಗಳನ್ನು ಬರೆಯುತ್ತಿದ್ದಾಗ ಬೆಟ್ಟದ ಹೆಸರು ತಾನಾಗಿ ಅದರೊಳಗೆ ಬಂದು ಕುಳಿತಿತು. ಬಿಳಿಗಿರಿ: ಮೊದಲ ಅಂಶ 'ಬಿಳಿ', ಎರಡನೆಯದು 'ಗಿ', ಮೂರನೆಯದು 'ರಿ', ವಿಷ್ಣುಗಣ. ರಂಗನ: 'ರಂ' ಒಂದು ಗುರು, ಆಮೇಲೆ 'ಗ', 'ನ', ವಿಷ್ಣುಗಣ. ಬೆಟ್ಟ: 'ಬೆ' ಗುರು, 'ಟ್ಟ', ಬ್ರಹ್ಮಗಣ. ಸಾಂಗತ್ಯದ ಎರಡನೆಯ ಪಾದಕ್ಕೆ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ! 'ಬಿಳ್ಗಿರಿ' ಎಂದು ಆಡುಮಾತಿನಂತೆ ಹೇಳಿದರೂ 'ಬಿಳ್' ಒಂದು ಗುರುವಾಗಿ ಗಣ ಕೆಡುವುದಿಲ್ಲ. ಹೊನ್ನಮ್ಮ ಎಳೆತನದಿಂದ ಕಣ್ಣೆತ್ತಿದರೆ ಕಾಣುತ್ತಿದ್ದ ಬೆಟ್ಟದ ಹೆಸರಿಗೂ ಅವಳು ಹಾಡಿದ ಮಟ್ಟಿಗೂ ಕಾರಣ-ಕಾರ್ಯ ಸಂಬಂಧವನ್ನು ನಾನು ಕಟ್ಟುವುದಿಲ್ಲ. ಆದರೆ ಆ ಹೆಸರನ್ನು ಕಟ್ಟಿದ ಕಿವಿಯೂ ಸಾಂಗತ್ಯವನ್ನು ಕಟ್ಟಿದ ಕಿವಿಯೂ ಬೇರೆಯಲ್ಲ ಎಂದು ಧೈರ್ಯವಾಗಿ ಹೇಳಬಹುದು. 'ಶ್ವೇತಾದ್ರಿ ರಂಗನ ಬೆಟ್ಟ' ಎಂದರೂ ಗಣ ಕೂಡುತ್ತದೆ. ಜನ ಹಾಗೆ ಹೇಳಲಿಲ್ಲ. 'ಬೆಳ್ಬೆಟ್ಟ' ಎಂಬ ಶುದ್ಧ ಕನ್ನಡ ಕರ್ಮಧಾರಯವೂ ಸಾಧ್ಯವಿತ್ತು, ಅದನ್ನೂ ಹೇಳಲಿಲ್ಲ.

ಬೆಟ್ಟದ ಮೇಲಿನ ಸೋಲಿಗರ ಹೆಸರುಗಳು ಇನ್ನೊಂದು ಪಾಠ. ರಂಗ ಅವರಿಗೆ ಬರಿಯ ದೇವರಲ್ಲ. ತಮ್ಮ ಕುಲದ ಕುಸುಮಾಲೆಯನ್ನು ವರಿಸಿದ್ದರಿಂದ ಭಾವ. ಹತ್ತಿರದ ನೆಂಟನನ್ನು ಯಾರೂ ಉದ್ದ ಹೆಸರಿನಿಂದ ಕರೆಯುವುದಿಲ್ಲ. ಅವರ ಪೂಜೆಯ ಮಹಾವೃಕ್ಷ ದೊಡ್ಡಸಂಪಿಗೆ. ಚಂಪಕದ ತದ್ಭವವಾದ ಸಂಪಿಗೆಗೆ ಕನ್ನಡದ ದೊಡ್ಡ ಸೇರಿದ್ದರಲ್ಲಿ ಕೇಶಿರಾಜನಿಗೂ ಆಕ್ಷೇಪವಿರದು. ಅವರ ಹಾಡಿಗಳಿಗೆ ಪೋಡು ಎಂದು ಹೆಸರು. ಗೊಂಬೆಗಲ್ಲಿನಲ್ಲಿ ಕಲ್ಲಿನ ಕಕಾರ ಆದೇಶಸಂಧಿಯ ಸೂತ್ರಕ್ಕೆ ಸರಿಯಾಗಿ ಗಕಾರವಾಗಿದೆ. ಹೊಸಪೋಡು ಎಂಬಲ್ಲಿಯಾದರೋ ಪಕಾರ ಬಕಾರವಾಗದೆ ನಿಂತಿದೆ. ಆ ಎರಡು ಪದಗಳ ನಡುವಣ ಕಾಲದ ಅಂತರವನ್ನೂ ನೋಡಬೇಕು: ಪೊಸ ಹೊಸವಾಗಿದೆ, ಪೋಡು ಹೋಡಾಗಿಲ್ಲ. ಬಂಗ್ಲೆಪೋಡಿನಲ್ಲಿ ಬಂಗಲೆ ಎಂಬ ಅನ್ಯದೇಶ್ಯವೂ ಸೋಲಿಗರ ಪೋಡೂ ಕೂಡಿವೆ. ಇದಕ್ಕೆ ಯಾವ ಸಮಾಸವೆಂದು ಹೆಸರಿಡೋಣ? ಪುರಾಣಿಪೋಡಿನ ಆರಂಭವೋ ಲಘು-ಗುರು. ನನ್ನ ಮೇಲಿನ ಮಾತಿಗೆ ಅಪವಾದ ಅದೇ ಬೆಟ್ಟದ ಮೇಲೆಯೇ ಇದೆ.

ಈಚಿನ ಕಾಲದಲ್ಲಿ ಈ ಹೆಸರಿಗೆ ಆಗುತ್ತಿರುವುದು ಸಹಜವಾದ ಸವೆತವಲ್ಲ. 'ಬಿಳಿಗಿರಂಗ' ಎಂದು ಹಳ್ಳಿಗರು ಒಂದು 'ರಿ' ನುಂಗಿದರೆ ಅದು ನಾಲಗೆಯ ಕೆಲಸ; ರಿಕಾರದ ಬೆನ್ನಿಗೇ ರಕಾರ ಬಂದಾಗ ಒಂದು ಜಾರುತ್ತದೆ, ಉಳಿದದ್ದು ಇನ್ನೂ ಹೆಸರೇ. 'ಬಿ.ಆರ್. ಹಿಲ್ಸ್' ಎಂಬುದು ನಾಲಗೆಯಿಂದ ಬಂದದ್ದಲ್ಲ, ಕಡತದಿಂದ ಬಂದದ್ದು. 1974ರಲ್ಲಿ ವನ್ಯಜೀವಿಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾದ ಈ ಕಾಡು ಕಾಗದದಲ್ಲಿ 'ಬಿ.ಆರ್.ಟಿ.' ಆಗಿದೆ. ಅಲ್ಲಿಯ ಟಕಾರ ಇಂಗ್ಲಿಷಿನ ಟೆಂಪಲ್! ಬಿಳಿಯೂ ಹೋಯಿತು, ಗಿರಿಯೂ ಹೋಯಿತು, ರಂಗನೂ ಹೋದ. ಅರಿಸಮಾಸವೆಂದು ಆಕ್ಷೇಪಿಸಲು ಕೂಡ ಇಲ್ಲಿ ಪದಗಳೇ ಇಲ್ಲ. ನನ್ನ ತರಗತಿಯಲ್ಲಿಯೇ ಆ ಕಡೆಯ ಮಕ್ಕಳು 'ಸರ್, ನಮ್ಮದು ಬಿ.ಆರ್. ಹಿಲ್ಸ್' ಎಂದು ಪರಿಚಯ ಹೇಳಿಕೊಳ್ಳುವುದನ್ನು ಈಗ ಕೇಳುತ್ತಿದ್ದೇನೆ. ಉದ್ದ ಹೆಸರನ್ನು ತಪ್ಪೆಂದು ಕಲಿಸಿದವರಲ್ಲಿ ನಾನೂ ಒಬ್ಬನಾದ್ದರಿಂದ ಅವರನ್ನು ತಿದ್ದುವ ಬಾಯಿ ನನಗಿಲ್ಲ.

1604ರಲ್ಲಿ ಭಟ್ಟಾಕಲಂಕನು 592 ಸೂತ್ರಗಳ ಕರ್ಣಾಟಕ ಶಬ್ದಾನುಶಾಸನವನ್ನು ಸಂಸ್ಕೃತದಲ್ಲಿ ಬರೆದದ್ದು ಕನ್ನಡಕ್ಕೂ ಶಾಸ್ತ್ರಗೌರವ ಉಂಟೆಂದು ಪಂಡಿತರ ಎದುರಿಗೆ ನಿಲ್ಲಿಸಿ ತೋರಿಸಲು. ಆ ಸೂತ್ರಗಳನ್ನು ನಾವು ಜನರ ಎದುರಿಗೆ ಅಡ್ಡಗೀಟಾಗಿ ಹಿಡಿದೆವು. ಈಗ ನಾನು ಅರಿಸಮಾಸದ ಪಾಠವನ್ನು ಶ್ರವಣಬೆಳಗೊಳದಿಂದ ಆರಂಭಿಸುತ್ತೇನೆ, ಆಮೇಲೆ ಬಿಳಿಗಿರಿ, ಆಮೇಲೆ ಗಂಡಮಾರ್ತಂಡ, ಸೂತ್ರ ಕೊನೆಗೆ. ಆ ವಿದ್ಯಾರ್ಥಿನಿಯ ಉತ್ತರಪತ್ರಿಕೆ ಎಂದೋ ತೂಕಕ್ಕೆ ಹೋಗಿರುತ್ತದೆ.

ಕಳೆದ ವರ್ಷ ಯಳಂದೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಬಸ್ಸಿನ ಹಲಗೆಯ ಮೇಲೆ ಇಂಗ್ಲಿಷಿನ ಮೂರು ಅಕ್ಷರಗಳೂ ಇದ್ದವು, ಕನ್ನಡದ ಪೂರ್ಣ ಹೆಸರೂ ಇತ್ತು. ನಿರ್ವಾಹಕ ಎರಡನ್ನೂ ಓದಲಿಲ್ಲ. ಬಾಗಿಲಿಗೆ ಜೋತುಬಿದ್ದು "ಬೆಟ್ಟ, ಬೆಟ್ಟ, ಬೆಟ್ಟ" ಎಂದು ಕೂಗುತ್ತಿದ್ದ. ಒಂದು ಗುರು, ಒಂದು ಲಘು, ಬ್ರಹ್ಮಗಣ. ಎಲ್ಲಿಗೆ ಎಂದು ಯಾರೂ ಕೇಳದೆ ಹತ್ತಿ ಕುಳಿತರು.